ಕೆಂಡಲ್ ಪಾರ್ಕಿನ ಎಣ್ಣೆ ಒಪ್ಪಂದ

ಎಂಟನೇ ತರಗತಿಯ ಸಮಾಜ ಪಾಠದ ಟೀಚರಮ್ಮ ಆ ವರ್ಷ ಮಕ್ಕಳಿಗೆ ಒಂದು ನಾಡನ್ನೇ ಕಟ್ಟಿಕೊಟ್ಟಳು. ಇಸವಿ ೧೯೩೨. ಪರ್ಷಿಯನ್ ಕೊಲ್ಲಿಯ ದಡದಲ್ಲಿ ಅಲ್-ನೂರಾ ಎಂಬ, ಯಾವ ನಕ್ಷೆಯಲ್ಲೂ ಸಿಗದ ಪುಟ್ಟ ರಾಜ್ಯ. ಆಳುವವರು ಒಬ್ಬ ಶೇಖ್ ಸಾಹೇಬರು. ನೆಲದ ಕೆಳಗೆ ಎಣ್ಣೆ ಇದೆಯೆಂಬ ಗುಮಾನಿ. ಅದನ್ನು ತೆಗೆಯುವ ಗುತ್ತಿಗೆ ಬ್ರಿಟಿಷ್ ಕಂಪನಿಗೆ ಹೋಗಬೇಕೋ ಅಮೆರಿಕನ್ ಕಂಪನಿಗೆ ಹೋಗಬೇಕೋ ಎಂದು ಮಾರ್ಚ್ ತಿಂಗಳೆಲ್ಲ ಚೌಕಾಸಿ ನಡೆದು, ಕೊನೆಗೊಂದು ಸಂಜೆ ತಂದೆತಾಯಿಯರ ಎದುರು ಶೇಖ್ ಸಾಹೇಬರು ತೀರ್ಪು ಹೇಳಬೇಕು.

ಬ್ರಿಟನ್ ಸೌಜನ್ಯಾಳ ಪಾಲಿಗೆ ಬಂತು. ಅಮೆರಿಕ ಹರಿಯ ಪಾಲಿಗೆ. ಶೇಖ್ ಆಗಲು ಯಾರು ತಕ್ಕವರೆಂದು ಟೀಚರಮ್ಮ ಬಹಳ ತಲೆ ಕೆಡಿಸಿಕೊಂಡಂತಿರಲಿಲ್ಲ. ತರಗತಿಯಲ್ಲಿ ಮೆಹನಾಜ್ ಇದ್ದಳಲ್ಲ. ಮೆಹನಾಜ್ ಮೈಸೂರಿನ ಮಂಡಿ ಮೊಹಲ್ಲಾದವರ ಮೊಮ್ಮಗಳು. ಒಂಟೆ ಎಂಬ ಪ್ರಾಣಿಯನ್ನು ಜಾಕ್ಸನ್ ಊರಿನ ಸಫಾರಿ ಪಾರ್ಕಿನಲ್ಲಿ, ಕಾರಿನ ಗಾಜಿನಾಚೆ, ಅದು ವೈಪರನ್ನು ನೆಕ್ಕುತ್ತಿದ್ದಾಗ ಮಾತ್ರ ಕಂಡವಳು.

ಪ್ರಾಜೆಕ್ಟು ಮಕ್ಕಳದು ಎಂಬುದನ್ನು ಕೆಂಡಲ್ ಪಾರ್ಕ್ ಎಂಬ ಆ ಅಮೆರಿಕದ ಊರಿನ ಕನ್ನಡದ ಅಪ್ಪಂದಿರು ಒಂದೆರಡು ದಿನ ನೆನಪಿಟ್ಟುಕೊಂಡರು.

ಸೌಜನ್ಯಾಳ ಅಪ್ಪ ಶಶಿಧರ ದಾವಣಗೆರೆಯವನು, ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಪ್ರಾಜೆಕ್ಟ್ ಲೀಡ್. ಇಸವಿ ಎರಡು ಸಾವಿರ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟೂಕೆ ಮಹಾಪ್ರಳಯವನ್ನು ತಡೆಯಲು ಹಿಂದಿನ ವರ್ಷವಿಡೀ ದುಡಿದು, ಜನವರಿ ಒಂದರಂದು ಏನೂ ಆಗದೆ ಹೋದದ್ದರಿಂದ ಸ್ವಲ್ಪ ಖಿನ್ನನಾಗಿದ್ದ. ಕೈಗೊಂದು ಹೊಸ ಗಂಡಾಂತರ ಬೇಕಾಗಿತ್ತು. ಲೈಬ್ರರಿಯಿಂದ ಕೊಲ್ಲಿಯ ಇತಿಹಾಸದ ಮೂರು ದಪ್ಪ ಪುಸ್ತಕ ತಂದು, ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ಪೆನ್ ಸ್ಟೇಷನ್ನಿನವರೆಗೆ ದಿನವೂ ರೈಲಿನಲ್ಲಿ ಓದತೊಡಗಿದ. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವನು ಹರಿಯ ಅಪ್ಪ ಕೃಷ್ಣಸ್ವಾಮಿ, ಅಂದರೆ ಅಮೆರಿಕ.

"ಏನ್ಸಾರ್, ಬ್ರಿಟಿಷ್ ಸರ್ಕಾರ ಬೆಳಿಗ್ಗೆ ಬೆಳಿಗ್ಗೆ ಬಹಳ ಓದ್ತಾ ಇದೆ?"

"ಸುಮ್ನೆ ರೀ. ಟೈಂಪಾಸು."

"ಟೈಂಪಾಸಿಗೆ ಯಾರಾದ್ರೂ ಇಟ್ಟಿಗೆ ಎತ್ಕೊಂಡ್ ಬರ್ತಾರಾ? ನಾನಂತೂ ಹರಿಗೆ ಒಂದು ಸ್ಪ್ರೆಡ್‌ಶೀಟ್ ಮಾಡ್ಕೊಟ್ಟಿದೀನಿ. ಬ್ಯಾರಲ್‌ಗೆ ಎಷ್ಟು ರಾಯಲ್ಟಿ, ಮುಂದಕ್ಕೆ ಎಷ್ಟು ಬೆಳೆಯತ್ತೆ, ಎಲ್ಲ. ಗ್ರಾಫ್ ಸಮೇತ."

"ಮೂವತ್ತೆರಡರಲ್ಲಿ ಶೇಖ್ ಸಾಹೇಬ್ರು ಗ್ರಾಫ್ ನೋಡ್ತಿದ್ರೇನ್ರಿ?"

"ನಮ್ಮ ಶೇಖ್ ಸಾಹೇಬ್ರು ಮ್ಯಾಥ್ ಟೀಮಲ್ಲಿದಾರೆ ಸಾರ್. ನೋಡ್ತಾರೆ."

ಶಶಿಧರನಿಗೆ ಆ ಪುಸ್ತಕಗಳು ನಿಜಕ್ಕೂ ರುಚಿಸಿದ್ದವು. ಕೊಲ್ಲಿಯ ವ್ಯವಹಾರವನ್ನೆಲ್ಲ ಬ್ರಿಟಿಷರು ಲಂಡನ್ನಿಗಿಂತ ಹೆಚ್ಚಾಗಿ ಇಂಡಿಯಾ ಸರ್ಕಾರದ ಕಚೇರಿಗಳ ಮೂಲಕ ನಡೆಸುತ್ತಿದ್ದರೆಂದೂ, ಅಲ್ಲೆಲ್ಲ ಚಲಾವಣೆಯಲ್ಲಿದ್ದದ್ದು ರೂಪಾಯಿ ಎಂದೂ ತಿಳಿದಾಗ ಅವನಿಗೆ ತನ್ನ ಮನೆತನಕ್ಕೇ ಏನೋ ಸಂದಾಯವಾದಷ್ಟು ಸಂತೋಷವಾಯಿತು. ಅಮೆರಿಕನ್ನರು ಬ್ರಿಟಿಷರ ಬೇಲಿ ಹಾರಿದ್ದು ಹೇಗೆಂದೂ ಓದಿದ. ಬಹ್ರೇನಿನಲ್ಲಿ, ಬ್ರಿಟಿಷ್ ಪ್ರಜೆಗಳಲ್ಲದವರಿಗೆ ಎಣ್ಣೆ ಮುಟ್ಟಲು ಬಿಡುವುದಿಲ್ಲವೆಂಬ ಷರತ್ತು ಬಂದಾಗ, ಅವರು ಕೆನಡಾದಲ್ಲಿ ಒಂದು ಕಂಪನಿ ನೋಂದಾಯಿಸಿ ಅದರ ಹೆಸರಲ್ಲಿ ಒಳನುಗ್ಗಿದ್ದರು. ಕುವೈತಿನಲ್ಲಂತೂ ಎರಡೂ ಕಡೆಯವರು ವರ್ಷಗಟ್ಟಲೆ ಕಚ್ಚಾಡಿ, ಆಮೇಲೆ ಒಳಗೊಳಗೇ ಅರ್ಧರ್ಧ ಹಂಚಿಕೊಂಡು ಶೇಖರೆದುರು ಒಂದಾಗಿ ನಿಂತಿದ್ದರು.

"ನಾವೂ ಹಂಗೇ ಮಾಡ್ಬಿಡೋಣ ಸಾರ್," ಎಂದ ಕೃಷ್ಣಸ್ವಾಮಿ. "ಫಿಫ್ಟಿ ಫಿಫ್ಟಿ. ಇಬ್ಬರು ಮಕ್ಕಳಿಗೂ ಎ ಗ್ರೇಡು."

"ನೋಡೋಣ," ಎಂದ ಶಶಿಧರ. ಆಗ ಅವನ ತಲೆಯಲ್ಲಿ ಇನ್ನೊಂದು ಓಡುತ್ತಿತ್ತು. ಓದಿದ್ದರಲ್ಲೆಲ್ಲ ಅವನಿಗೆ ಬಹಳ ಹಿಡಿಸಿದ್ದು ಬ್ರಿಟಿಷ್ ಏಜೆಂಟರ ಒಂದು ರೀತಿ. ಅವರು ಹೋದ ಕೂಡಲೇ ಎಣ್ಣೆಯ ಮಾತು ತೆಗೆಯುತ್ತಿರಲಿಲ್ಲ. ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಗಿಡುಗ, ಖರ್ಜೂರ, ಮಕ್ಕಳ ಕೆಮ್ಮು ಎಂದು ಮಾತಾಡುತ್ತಿದ್ದರು. ಕರೆದಾಗ ಊಟಕ್ಕೂ ಕೂರುತ್ತಿದ್ದರು.

ಇಷ್ಟು ಓದಿದ ಮೇಲೆ ಶಶಿಧರನಿಗೆ ಒಂದು ವಿಷಯ ಹೊಳೆಯಿತು. ಮೆಹನಾಜಳ ಮನೆಯಲ್ಲಿ ತಾನು ಒಂದು ದಿನವೂ ಊಟ ಮಾಡಿರಲಿಲ್ಲ.

ಮಾಡದಿರಲು ಕಾರಣವೇ ಇರಲಿಲ್ಲ. ಮೆಹನಾಜಳ ಅಪ್ಪ ಮುಕ್ತಾರ್ ಅವನಿಗೆ ಈ ದೇಶದಲ್ಲಿ ಸಿಕ್ಕ ಮೊದಲ ಕನ್ನಡಿಗ. ಬಂದ ಹೊಸದರಲ್ಲಿ ಶಶಿಧರ ಡ್ರೈವಿಂಗ್ ಟೆಸ್ಟ್ ಕೊಟ್ಟದ್ದು ಮುಕ್ತಾರನ ಟೊಯೋಟಾದಲ್ಲಿ; ಎರಡು ಸಲ ಫೇಲಾದದ್ದೂ ಅದರಲ್ಲೇ. ರೂಟ್ ೨೭ರಲ್ಲಿ ಮುಕ್ತಾರನದೊಂದು ಪ್ರಿಂಟಿಂಗ್ ಅಂಗಡಿಯಿತ್ತು. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಗಳ ಬ್ಯಾನರೆಲ್ಲ ಅಲ್ಲೇ ಅಚ್ಚಾಗುತ್ತಿತ್ತು. ಸಂಘಕ್ಕೆ ಅವನು ವರ್ಷ ತಪ್ಪದ ಸದಸ್ಯ.

ಆದರೆ ಸಂಘದ ಹಬ್ಬದ ಊಟಕ್ಕೊಂದು ಪದ್ಧತಿ ಇತ್ತು. ಪ್ರತಿ ಮನೆಯಿಂದ ಒಂದೊಂದು ಅಡುಗೆ. ಯಾರು ಏನು ತರಬೇಕೆಂದು ಮನೆಮನೆಗೆ ಫೋನ್ ಮಾಡಿ ಹೇಳುವ ಕೆಲಸ ಊಟದ ಉಸ್ತುವಾರಿಯದು, ಎಂದರೆ ಶಶಿಧರನದು. ಪುಳಿಯೋಗರೆ, ಕೋಸಂಬರಿ, ಹುಳಿ, ಪಾಯಸ ಎಂದೆಲ್ಲ ಹಂಚಿ, ಮುಕ್ತಾರನ ಮನೆಗೆ ಫೋನ್ ಮಾಡಿದಾಗ ಅವನ ಹೆಂಡತಿಗೆ ಶಶಿಧರ ಪ್ರತಿಸಲವೂ, "ಜಕಿಯಾ, ನೀವು ಪೇಪರ್ ಪ್ಲೇಟು, ಲೋಟ ತಂದ್ಬಿಡಿ. ಅದೇ ದೊಡ್ಡ ಹೆಲ್ಪು," ಎನ್ನುತ್ತಿದ್ದ. ಮೊದಲ ವರ್ಷ ಹಾಗೆ ಹೇಳಿಕೊಟ್ಟವರು ಹಳೆಯ ಉಸ್ತುವಾರಿಯವರು. ಆಮೇಲೆ ಅದೇ ರೂಢಿಯಾಯಿತು. ಏಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮುಕ್ತಾರ್ ತಂದ ತಟ್ಟೆಯಲ್ಲಿ ಉಣ್ಣಲು ಯಾರಿಗೂ ಅಡ್ಡಿಯಿರಲಿಲ್ಲ. ತಟ್ಟೆ ಕಾರ್ಖಾನೆಯಿಂದ ಬಂದದ್ದು.

ಮುಂದಿನ ಶನಿವಾರ ಶಶಿಧರ ಮುಕ್ತಾರನಿಗೆ ಫೋನ್ ಮಾಡಿ, "ಮಕ್ಕಳು ಸ್ವಲ್ಪ ಕೂತು ಡಿಸ್ಕಸ್ ಮಾಡ್ಲಿ ಅಂತ," ಎಂದು ಶುರು ಮಾಡಿದ.

"ಅರೆ, ಕೇಳೋದೇನು ಶಶಿ ಭಾಯ್! ನಾಳೆ ಮಧ್ಯಾಹ್ನ ಊಟಕ್ಕೇ ಬನ್ನಿ," ಎಂದ ಮುಕ್ತಾರ್. ಅವನ ದನಿಯಲ್ಲಿನ ಸಂತೋಷ ಕೇಳಿ ಶಶಿಧರ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ.

ಹೆಂಡತಿ ಸ್ಮಿತಾಗೆ ಮರುದಿನ ಮಧ್ಯಾಹ್ನ ತಲೆನೋವು ಬಂತು. ಅಪ್ಪ ಮಗಳು ಹೋದರು.

ಬಾಗಿಲಲ್ಲೇ ಜಕಿಯಾ ಹೇಳಿದಳು: "ಬನ್ನಿ ಅಣ್ಣ. ಎಲ್ಲ ವೆಜ್ಜೇ ಮಾಡಿದೀನಿ. ಪಾತ್ರೆನೂ ಹೊಸದು, ನಿನ್ನೆ ತಂದಿದ್ದು. ಬೇರೆ ಏನೂ ಅದರಲ್ಲಿ ಮಾಡಿಲ್ಲ."

ಅವನೇನೂ ಕೇಳಿರಲಿಲ್ಲ. "ಛೆ ಛೆ, ಅದಕ್ಕೆಲ್ಲ ಏನು," ಎಂದ. ಆದರೆ ಸೌಟು ತಾಗಿ ವಾಲಿದ ಪಾತ್ರೆಯ ತಳದಲ್ಲಿ ಅರ್ಧ ಕಿತ್ತ ಬೆಲೆಚೀಟಿ ಕಂಡಾಗ ಅವನಿಗೆ ಒಳಗೆಲ್ಲೋ ನಿರಾಳವಾಯಿತು. ನಿರಾಳವಾಯಿತೆಂದು ಗೊತ್ತಾಗಿ ಮುಖ ಬಿಸಿಯೇರಿತು. ಈ ಮನೆಯವರಿಗೆ ಎಲ್ಲವೂ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

ಊಟದ ಕೊನೆಗೆ ಬಂದದ್ದು ಮೈಸೂರಿನವರ ಬಾಯಲ್ಲಿ ಒಬ್ಬಟ್ಟು, ದಾವಣಗೆರೆಯವರ ಬಾಯಲ್ಲಿ ಹೋಳಿಗೆ. ಶಶಿಧರ ಮೊದಲ ತುಂಡು ಬಾಯಿಗಿಟ್ಟು ಮಾತು ನಿಲ್ಲಿಸಿದ. ಹೂರಣ ಅಂಚಿನವರೆಗೂ ಹರಡಿತ್ತು. ಸಂಘದ ಅನೇಕ ಗೃಹಿಣಿಯರ ಹೋಳಿಗೆಯಲ್ಲಿ ಹೂರಣ ನಡುದಾರಿಯಲ್ಲೇ ಸುಸ್ತಾಗಿ ಕೂತುಬಿಡುತ್ತಿತ್ತು.

"ಇದನ್ನ ಎಲ್ಲಿ ಕಲಿತ್ರಿ ಜಕಿಯಾ?"

"ತವರಲ್ಲಿ ಪಕ್ಕದ ಮನೆ ಶಿವಗಂಗಮ್ಮನೋರು ಅಣ್ಣ. ಕಣಕ ನಾದಿ ನಾದಿ ಕೈ ಬಿದ್ದೋಗ್ತಿತ್ತು, ಆದ್ರೂ ಬಿಡ್ತಿರ್ಲಿಲ್ಲ. 'ಇನ್ನೂ ನಾದೇ ಹುಡುಗಿ, ನಿನ್ನ ಅತ್ತೆ ನನ್ನ ಹೆಸರು ಹೇಳಬೇಕು' ಅನ್ನೋರು."

"ಅತ್ತೆ ಹೇಳಿದ್ರಾ?"

"ನಮ್ಮಮ್ಮಂಗೆ ಸಿಹಿ ಅಂದ್ರೆ ಆಗಲ್ಲ," ಎಂದ ಮುಕ್ತಾರ್. ಎಲ್ಲರೂ ನಕ್ಕರು.

ನಗು ಮುಗಿಯುವ ಮೊದಲೇ ಜಕಿಯಾ, ಇನ್ನೊಂದು ಹೋಳಿಗೆ ಅವನ ತಟ್ಟೆಗೆ ಜಾರಿಸುತ್ತ, ತಮಾಷೆಯಂತೆಯೇ ಅಂದಳು: "ಪ್ರತಿ ಯುಗಾದಿಗೂ ಅನ್ಕೋತೀನಿ ಅಣ್ಣ, ಒಂದ್ಸಲ ಒಬ್ಬಟ್ಟು ಮಾಡ್ಕೊಂಡ್ ಹೋಗೋಣ ಅಂತ. ನೀವು ಫೋನ್ ಮಾಡಿ ಪ್ಲೇಟ್ ತನ್ನಿ ಅಂತೀರ."

ಶಶಿಧರ ತಲೆಯೆತ್ತಿದ. ಎದುರಿಗೆ ಮೆಹನಾಜ್ ಕೂತಿದ್ದಳು. ಸೌಜನ್ಯಾಳೊಂದಿಗೆ ಪಿಸುಗುಡುತ್ತಿದ್ದವಳು ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಆ ಗಳಿಗೆಯಲ್ಲಿ ಅವನಿಗೆ ಕಂಡದ್ದು ಹದಿಮೂರರ ಹುಡುಗಿಯೋ ಅಲ್-ನೂರಾದ ದೊರೆಯೋ ಹೇಳುವುದು ಕಷ್ಟ.

"ಈ ಸಲ ಪ್ಲೇಟೂ ಇಲ್ಲ, ಗೀಟೂ ಇಲ್ಲ," ಎಂದ. "ಯುಗಾದಿಗೆ ಹೋಳಿಗೆ ನಿಮ್ಮ ಮನೇದೇ. ನಾನು ಹೇಳ್ತಾ ಇದೀನಿ. ಫೈನಲ್."

"ನಿಜವಾಗ್ಲೂನಾ ಅಣ್ಣ?"

"ಊಟದ ಉಸ್ತುವಾರಿ ಯಾರಮ್ಮ? ನಾನು ತಾನೆ?"

ಕಾರಿನಲ್ಲಿ ಸೌಜನ್ಯಾ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ, "ದಟ್ ವಾಸ್ ನೈಸ್ ಆಫ್ ಯೂ, ಅಪ್ಪ," ಎಂದಳು. ಮಗಳಿಂದ ಅಂಥ ಮಾತು ಕೇಳಿ ಅವನಿಗೆ ಬಹಳ ದಿನವಾಗಿತ್ತು. ಮನೆ ತಲುಪುವವರೆಗೂ ಅವನು ತಾನು ಒಳ್ಳೆಯವನೆಂದೇ ನಂಬಿದ್ದ.

ತೀರ್ಪಿನ ಸಂಜೆ ಶಾಲೆಯ ಲೈಬ್ರರಿಯಲ್ಲಿ ಕುರ್ಚಿ ಹಾಕಿದ್ದರು. ಹರಿ ಅಪ್ಪನ ಗ್ರಾಫನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಕಿ, ಅಮೆರಿಕನ್ ಕಂಪನಿ ಕೊಡುವ ರಾಯಲ್ಟಿ ಬ್ರಿಟಿಷರಿಗಿಂತ ಎಷ್ಟೋ ಪಾಲು ಹೆಚ್ಚೆಂದು ತೋರಿಸಿದ. ತೋರಿಸುವುದೇನು, ಅದು ನಿಜವೇ ಆಗಿತ್ತು. ಸೌಜನ್ಯಾ ಹಳೆಯ ಒಪ್ಪಂದ, ರಕ್ಷಣೆ, ಸ್ನೇಹ ಎಂದು ಸಣ್ಣ ದನಿಯಲ್ಲಿ ಓದಿ ಮುಗಿಸಿದಳು. ಕೃಷ್ಣಸ್ವಾಮಿ ಶಶಿಧರನ ಕಡೆ ಬಾಗಿ, "ಫಿಫ್ಟಿ ಫಿಫ್ಟಿ ಅಂದೆ, ಕೇಳ್ಲಿಲ್ಲ ನೀವು," ಎಂದು ಕಿವಿಯಲ್ಲಿ ಹೇಳಿದ.

ಆಮೇಲೆ ಮೆಹನಾಜ್ ಎದ್ದಳು. ತಲೆಗೆ ಸುತ್ತಿಕೊಳ್ಳಲೆಂದು ಟೀಚರಮ್ಮ ಕೊಟ್ಟ ಬಿಳಿ ರುಮಾಲನ್ನು ಮಡಿಚಿ ಮೇಜಿನ ಮೇಲಿಟ್ಟಿದ್ದಳು. ಚೀಟಿಯೇನೂ ಇಲ್ಲದೆ, ಇಂಗ್ಲಿಷಿನಲ್ಲಿ, ನಿಧಾನವಾಗಿ ಮಾತಾಡಿದಳು. ಅಮೆರಿಕನ್ನರು ಕೊಡುವ ಹಣ ಹೆಚ್ಚು, ಲೆಕ್ಕವೂ ಸರಿಯಾಗಿದೆ ಎಂದಳು. ಆದರೆ ಅಮೆರಿಕನ್ನರು ನಮಗೆ ಕಾಗದ ಕಳಿಸಿದರು, ಬ್ರಿಟಿಷರು ನಮ್ಮ ಮನೆಗೆ ಬಂದರು. ನಮ್ಮ ಮೇಜಿನಲ್ಲಿ ಕೂತು ನಮ್ಮ ಜೊತೆ ಊಟ ಮಾಡಿದರು. ನಮ್ಮ ಅನ್ನವನ್ನು ಅವರ ಜನರಿಗೂ ಬಡಿಸುತ್ತೇವೆ ಎಂದರು. ನಾವು ಮಾತು ನಂಬುವವರು. ಗುತ್ತಿಗೆ ಅವರಿಗೆ.

ಚಪ್ಪಾಳೆ ಬಿತ್ತು. ಟೀಚರಮ್ಮ ಕಣ್ಣೊರೆಸಿಕೊಂಡು, ಆ ಕಾಲದ ಅರಬರ ಆತಿಥ್ಯದ ಮನೋಧರ್ಮವನ್ನು ಹುಡುಗಿ ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದಾಳೆ ಎಂದಳು. ಹಿಂದಿನ ಸಾಲಿನಲ್ಲಿ ಜಕಿಯಾ ಶಶಿಧರನತ್ತ ನೋಡಿ ನಕ್ಕಳು. ಅವನೂ ನಕ್ಕ. ನಗು ಮುಖದ ಮೇಲೆ ಸರಿಯಾಗಿ ಕೂರಲಿಲ್ಲ.

"ನಾವು ಇಷ್ಟು ದುಡ್ಡು ಕೊಡ್ತೀವಿ ಅಂದ್ವಿ, ನೀವು ಹೋಗಿ ಊಟ ಮಾಡ್ಬಂದ್ರಿ," ಎಂದ ಕೃಷ್ಣಸ್ವಾಮಿ ಪಾರ್ಕಿಂಗ್ ಲಾಟಿನಲ್ಲಿ. "ಅದೇನು ಸಾರ್, ಅವರ ಜನರಿಗೂ ಬಡಿಸೋದು ಅಂದ್ಳಲ್ಲ ಹುಡುಗಿ?"

ಶಶಿಧರ ಹೇಳಬೇಕಾಯಿತು. ಕೃಷ್ಣಸ್ವಾಮಿ ಆ ವರ್ಷ ಸಂಘದ ಅಧ್ಯಕ್ಷ. ಕೇಳಿ ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸಿದ.

"ನಂಗೇನೂ ಅಭ್ಯಂತರ ಇಲ್ಲ ಸಾರ್. ನಾನು ಆಫೀಸಲ್ಲಿ ಎಲ್ಲರ ಜೊತೆ ತಿಂತೀನಿ. ಆದ್ರೆ ಹಿರಿಯರಿದಾರಲ್ಲ... ನಮ್ಮನೇಲಿ ಅವಳು ಒಪ್ಪಲ್ಲ. ಮತ್ತೆ ವೀರಬಸಮ್ಮ ಆಂಟಿ."

ಮನೆಯಲ್ಲಿ ಸ್ಮಿತಾ, "ನಂಗೇನ್ರಿ, ಜಕಿಯಾ ಒಳ್ಳೇವ್ಳೇ. ಆದ್ರೆ ವೀರಬಸಮ್ಮ ಆಂಟಿ ದಿನಾ ಲಿಂಗಪೂಜೆ ಮಾಡೋರು. ಅವರು ಮುಟ್ಟದಿದ್ರೆ ಆ ಸಾಲಲ್ಲಿ ಯಾರೂ ಮುಟ್ಟಲ್ಲ. ಎಲ್ಲರೆದುರು ಜಕಿಯಾ ಮುಖ ಏನಾಗತ್ತೆ ಯೋಚ್ನೆ ಮಾಡಿ. ಮಾತು ಕೊಟ್ಟೋರು ನೀವು, ನೀವೇ ನೋಡ್ಕೊಳ್ಳಿ," ಎಂದಳು.

ಶಶಿಧರ ಸಮಿತಿಯ ಇನ್ನಿಬ್ಬರಿಗೆ ಫೋನ್ ಮಾಡಿದ. ಅವರಿಗೂ ಅಭ್ಯಂತರವಿರಲಿಲ್ಲ. ಅಭ್ಯಂತರ ಯಾರ ಮನೆಯಲ್ಲೂ ಇರಲಿಲ್ಲ. ಅದು ಯಾವಾಗಲೂ ಪಕ್ಕದ ಮನೆಯಲ್ಲಿ ವಾಸವಾಗಿತ್ತು. ವೀರಬಸಮ್ಮ ಹುಬ್ಬಳ್ಳಿ ಕಡೆಯವರು, ಡಾಕ್ಟರ್ ಮಗನೊಂದಿಗೆ ವೆಸ್ಟ್ ವಿಂಡ್ಸರಿನಲ್ಲಿದ್ದ ಹಿರಿಯರು. ಅವರ ಹೆಸರನ್ನು ಎಲ್ಲರೂ ಹೇಳಿದರು. ಅವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ, ಶಶಿಧರನಿಗೂ, ತೋರಲಿಲ್ಲ. ಬುದ್ಧಿವಂತ ಆಡಳಿತಗಾರರು ಸ್ಥಳೀಯ ಭಾವನೆಗಳನ್ನು ಕೇಳಿ ತಿಳಿಯುವುದಿಲ್ಲ, ಊಹಿಸಿ ಗೌರವಿಸುತ್ತಾರೆ. ಅದನ್ನೂ ಅವನು ಆ ಪುಸ್ತಕಗಳಲ್ಲೇ ಓದಿದ್ದ. ಓದುವಾಗ ನಕ್ಕಿದ್ದ.

ಯುಗಾದಿಯ ವಾರ ಜಕಿಯಾಗೆ ಫೋನ್ ಮಾಡಿದ. ಈ ಸಲ ಬೇಡ, ಮುಂದಿನ ಸಲ ನೋಡೋಣ ಎನ್ನಲು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡಿದ್ದ.

"ಅಣ್ಣ, ನಾನೇ ಫೋನ್ ಮಾಡೋಣ ಅಂತಿದ್ದೆ! ಎಷ್ಟು ಜನ ಆಗ್ಬಹುದು? ಮೆಹನಾಜ್‌ಗೆ ಲಟ್ಟಿಸೋಕೆ ಕೂರಿಸಿದೀನಿ. ಅವಳದ್ದು ಆಸ್ಟ್ರೇಲಿಯಾ ಮ್ಯಾಪ್ ಥರ ಬರ್ತಾ ಇದೆ."

ಹಿನ್ನೆಲೆಯಲ್ಲಿ ಮೆಹನಾಜ್, "ಅಮ್ಮೀ! ಡೋಂಟ್ ಟೆಲ್ ಹಿಮ್!" ಎಂದು ಕೂಗಿದ್ದು ಕೇಳಿಸಿತು.

"ನೂರು ಜನ ಆಗ್ಬಹುದು," ಎಂದ ಶಶಿಧರ. ಫೋನಿಟ್ಟು, ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋಗಿ ಫ್ರೋಜನ್ ಹೋಳಿಗೆಯ ಪ್ಯಾಕೆಟ್ಟುಗಳನ್ನು ಒಂದು ಪೆಟ್ಟಿಗೆ ತುಂಬ ತಂದ. ಕಡಿಮೆ ಬಿದ್ದರೆ ಇರಲಿ ಎಂದು ಸ್ಮಿತಾಗೆ ಹೇಳಿದ. ಅವಳು ಪೆಟ್ಟಿಗೆಯನ್ನೂ ಅವನನ್ನೂ ಒಮ್ಮೆ ನೋಡಿದಳು.

ಹಬ್ಬ ಮನ್ರೋ ಎಂಬ ಪಕ್ಕದ ಊರಿನ ಒಂದು ಕಮ್ಯುನಿಟಿ ಹಾಲಿನಲ್ಲಿ. ಮುಕ್ತಾರ್ ಬ್ಯಾನರ್ ಕಟ್ಟಲೆಂದು ಬೇಗ ಬಂದ. ಜಕಿಯಾ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅವಳೂ ಮೆಹನಾಜಳೂ ಒಂದು ಉದ್ದನೆಯ ಟ್ರೇಯನ್ನು ಆಚೀಚೆ ಹಿಡಿದು, ಮದುವೆಯ ಪಲ್ಲಕ್ಕಿಯಂತೆ, ಮೆಲ್ಲಗೆ ಒಳಗೆ ತಂದರು.

"ಮೇಜಿನ ಮೇಲೆ ಇಡ್ಲಾ ಅಣ್ಣ?"

ಮೇಜಿನ ಸುತ್ತ ಹೆಂಗಸರಿದ್ದರು. ಅಲ್ಲಿ ಒಂದು ಕ್ಷಣ ಮಾತು ನಿಂತಿತು, ಅಥವಾ ನಿಂತಂತೆ ಅವನಿಗೆ ಕೇಳಿಸಿತು.

"ಇಲ್ಲಿ ಕೊಡಿ, ಇಲ್ಲಿ ಕೊಡಿ," ಎಂದ. "ತಣ್ಣಗಾಗ್ಬಿಡತ್ತೆ. ಓವನ್ನಲ್ಲಿ ಬೆಚ್ಚಗೆ ಇಟ್ಟಿರ್ತೀನಿ. ಊಟದ ಹೊತ್ತಿಗೆ ತರ್ತೀನಿ."

ಅಡುಗೆಮನೆಗೆ ಒಯ್ದು, ಓವನ್ನನ್ನು ಸಣ್ಣ ಶಾಖಕ್ಕೆ ತಿರುಗಿಸಿ, ಟ್ರೇ ಒಳಗಿಟ್ಟು ಬಾಗಿಲು ಮುಚ್ಚಿದ. ಆ ಹೊತ್ತಿನಲ್ಲಿ ತಾನು ನಿಜವಾಗಿಯೂ ಬೆಚ್ಚಗಿಡಲೆಂದೇ ಇಟ್ಟದ್ದೆಂದು ಅವನು ಆಮೇಲೆ ಬಹಳ ಸಲ ತನಗೆ ತಾನೇ ಹೇಳಿಕೊಂಡ. ಬಹಳ ಸಲ ಹೇಳಬೇಕಾಗಿ ಬಂದದ್ದರಿಂದಲೇ ಅವನಿಗೆ ಅನುಮಾನ.

ಪಂಚಾಂಗ ಶ್ರವಣವಾಗಿ, ಮಕ್ಕಳ ಕುಣಿತವಾಗಿ, ಬೇವುಬೆಲ್ಲ ಹಂಚಿ ಊಟಕ್ಕೆ ಸಾಲು ನಿಂತಾಗ ಒಂದು ಎಡವಟ್ಟು ಬೆಳಕಿಗೆ ಬಂತು. ತಟ್ಟೆ ಇರಲಿಲ್ಲ. ಯಾರಿಗೂ ಹೇಳಿಯೇ ಇರಲಿಲ್ಲ.

"ಪ್ಲೇಟ್ ಮುಕ್ತಾರ್ ಅಲ್ವಾ ತರೋದು ಯಾವಾಗ್ಲೂ?" ಎಂದು ಸಾಲಿನಿಂದ ಯಾರೋ ಕೂಗಿದರು.

"ಐದು ನಿಮಿಷ, ತಂದ್ಬಿಟ್ಟೆ," ಎಂದ ಮುಕ್ತಾರ್. ಯಾರೂ ಬೇಡವೆನ್ನುವ ಮೊದಲು, ಅಥವಾ ಯಾರೂ ಬೇಡವೆನ್ನದಿದ್ದಾಗ, ಕಾರು ತೆಗೆದುಕೊಂಡು ಹೋಗಿ ತಟ್ಟೆ ತಂದ.

ಫ್ರೋಜನ್ ಹೋಳಿಗೆಗಳು ಮೈಕ್ರೋವೇವಿನಿಂದ ಮೇಜಿಗೆ ಬಂದವು. ಬಡಿಸುವ ಕೈ ಶಶಿಧರನದೇ. ವೀರಬಸಮ್ಮ ಒಂದು ತುಂಡು ಮುರಿಯಲು ಹೋದರು, ಅದು ಮುರಿಯದೆ ಬಗ್ಗಿತು. ಹಲ್ಲಿನಲ್ಲಿ ಕಚ್ಚಿ ಎಳೆದರು.

"ಇದನ್ನ ಯಾರು ಮಾಡ್ಯಾರೋ ಶಶಿ? ಟೈರ್ ಮಾಡೋ ಮಂದೀನೋ?"

ಸುತ್ತಲಿನವರು ನಕ್ಕರು. "ಅಂಗಡೀದು ಆಂಟಿ," ಎಂದ.

"ಅಂಗಡೀದು! ಯುಗಾದಿ ದಿನ! ಇಷ್ಟ್ ಮಂದಿ ಹೆಣ್ಮಕ್ಕಳದಾರ, ಒಬ್ಬಾಕಿನೂ ಮನ್ಯಾಗ ಹೋಳಿಗಿ ಮಾಡ್ಲಿಲ್ಲೇನು? ಯಾರರೇ ಮಾಡಿದ್ರ ತಾ, ತಮ್ಮಾ. ಬಾಯಿ ಕೆಟ್ಟು ಹೋತು."

ಯಾರರೇ, ಎಂದರು ಅವರು. ಶಶಿಧರನ ಕೈಯಲ್ಲಿ ಇಕ್ಕಳವಿತ್ತು. ಅಡುಗೆಮನೆಯ ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು. ತಿರುಗಿ, ಒಳಗೆ ಹೋಗಿ, ಓವನ್ ತೆಗೆದು ಟ್ರೇ ತಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ತಂದರೆ, ಇಷ್ಟು ಹೊತ್ತು ಏಕೆ ತರಲಿಲ್ಲ ಎಂದು ಜಕಿಯಾ ಕೇಳಬಹುದು. ಯಾರು ಮಾಡಿದ್ದು ಎಂದು ವೀರಬಸಮ್ಮ ಕೇಳಬಹುದು. ಸಾಲಿನಲ್ಲಿ ಮೂರನೆಯವಳಾಗಿ ಕೃಷ್ಣಸ್ವಾಮಿಯ ಹೆಂಡತಿ ನಿಂತಿದ್ದಳು. ಅವನು ಲೆಕ್ಕ ಹಾಕುತ್ತಲೇ ನಿಂತ. "ಪಾಯಸ ಚೆನ್ನಾಗಿದೆ ಆಂಟಿ, ಅದು ಹಾಕ್ಕೊಳ್ಳಿ," ಎಂದ.

ಜಕಿಯಾ ಸಾಲಿನಲ್ಲಿ ಬಂದಳು. ಹೋಳಿಗೆಯ ತಟ್ಟೆ ನೋಡಿದಳು. ಗುಂಡಗೆ, ಒಂದೇ ಅಳತೆಯ, ಯಂತ್ರದ ಹೋಳಿಗೆ. ಅವನ ಮುಖ ನೋಡಿದಳು. ಅವನು ತಿರುಗಿ ಮೈಕಿನವನಿಗೆ ಏನೋ ಸನ್ನೆ ಮಾಡಿದ. ಮತ್ತೆ ಈಚೆ ತಿರುಗಿದಾಗ ಅವಳು ಆ ಹೋಳಿಗೆಯನ್ನೇ ಒಂದು ಹಾಕಿಕೊಂಡು ಮುಂದೆ ಹೋಗಿದ್ದಳು.

ಊಟ ಮುಗಿಯುತ್ತಿದ್ದಂತೆ ಶಶಿಧರ ಒಬ್ಬನೇ ಅಡುಗೆಮನೆಗೆ ಹೋದ. ಟ್ರೇಯನ್ನು ಹಿಂಬಾಗಿಲಿನಿಂದ ತನ್ನ ಕಾರಿಗೆ ಸಾಗಿಸಿ, ಎಲ್ಲ ಖಾಲಿಯಾಯಿತು, ಎಲ್ಲರೂ ಕೊಂಡಾಡಿದರು ಎಂದುಬಿಡುವ ಯೋಚನೆಯೊಂದು ಅವನ ತಲೆಗೆ ಬಂದಿತ್ತು. ಅಂಥದ್ದು ತನ್ನ ತಲೆಗೆ ಬರಬಹುದೆಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.

ಓವನ್ನಿನ ಬಾಗಿಲು ಆಗಲೇ ತೆರೆದಿತ್ತು. ಜಕಿಯಾ ಪಾತ್ರೆ ತೊಳೆಯಲು ಕೈಜೋಡಿಸೋಣವೆಂದು ಬಂದವಳು, ಸೆರಗು ಸಿಕ್ಕಿಸಿಕೊಂಡು, ಅದರ ಮುಂದೆ ಬಾಗಿದ್ದಳು. ಪಕ್ಕದಲ್ಲಿ ಮೆಹನಾಜ್. ಟ್ರೇಯ ಮೇಲಿನ ಫಾಯಿಲ್ ಮನೆಯಲ್ಲಿ ಮಡಿಚಿದ ಹಾಗೆಯೇ, ಒಂದು ಮೂಲೆಯೂ ಏಳದೆ ಇತ್ತು.

"ಡಿಡಂಟ್ ದೇ ಲೈಕ್ ಇಟ್?" ಎಂದಳು ಮೆಹನಾಜ್.

"ಇಲ್ಲ ಬೇಟಾ," ಎಂದಳು ಜಕಿಯಾ. ಬಾಗಿಲಲ್ಲಿ ನಿಂತವನನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು ಕಾದಳು. ಕೊನೆಗೆ ಅವಳೇ ಹೇಳಿದಳು: "ಅಂಕಲ್ ಮರ್ತ್ಬಿಟ್ರು. ಎಷ್ಟು ಜನ, ಎಷ್ಟು ಕೆಲಸ. ಅಲ್ವಾ ಅಣ್ಣ?"

"ಹೌದು," ಎಂದ ಶಶಿಧರ. "ಮರ್ತೇಬಿಟ್ಟೆ ನೋಡಿ."

ಸುಳ್ಳನ್ನು ಅವಳೇ ಹೊಲಿದು, ಅಳತೆ ನೋಡಿ ಅವನಿಗೆ ತೊಡಿಸಿದ್ದಳು. ಅದು ಸರಿಯಾಗಿಯೇ ಹಿಡಿಯಿತು.

"ಒಂದು ಕೊಡಿ ಜಕಿಯಾ. ಈಗ ತಿಂತೀನಿ."

"ಬೇಡ ಅಣ್ಣ. ತಣ್ಣಗಾಗಿದೆ," ಎಂದಳು. ಎರಡು ಟವೆಲು ಮಡಿಚಿ ಹಿಡಿದರೂ ಟ್ರೇ ಕೈ ಸುಡುತ್ತಿತ್ತು. ಅವಳು ಬೆರಳುಗಳನ್ನು ಒಂದೊಂದಾಗಿ ಸರಿಸಿಕೊಳ್ಳುತ್ತಿದ್ದಳು.

ಹಾಲಿನಲ್ಲಿ ಮೈಕು ಕಿರುಗುಟ್ಟಿತು. ಕೃಷ್ಣಸ್ವಾಮಿ ವಂದನಾರ್ಪಣೆಗೆ ನಿಂತಿದ್ದ. ಊಟದ ವ್ಯವಸ್ಥೆಯನ್ನು ಅಚ್ಚುಕಟ್ಟಾಗಿ ನಿಭಾಯಿಸಿದ ಶಶಿಧರ ಅವರು ವೇದಿಕೆಗೆ ಬರಬೇಕೆಂದು ಕರೆಯುತ್ತಿದ್ದ. ಒಮ್ಮೆ ಕರೆದ. ಮತ್ತೊಮ್ಮೆ ಕರೆದ. ಜನ ಬಾಗಿಲಿನತ್ತ ತಿರುಗಿ ನೋಡತೊಡಗಿದರು.

"ಹೋಗಿ ಅಣ್ಣ, ಕರೀತಿದಾರೆ," ಎಂದಳು ಜಕಿಯಾ.

ಅವನು ಹೋದ. ಯಾರೋ ಹೂಗುಚ್ಛ ಕೊಟ್ಟರು, ಯಾರೋ ಫೋಟೋ ತೆಗೆದರು. ಮೈಕು ಕೈಗೆ ಬಂತು. ಎರಡು ಮಾತು, ಎರಡೇ ಮಾತು, ಎಂದು ಎಲ್ಲರೂ ಕೂಗಿದರು. ಬಾಗಿಲಲ್ಲಿ ಟ್ರೇ ಹಿಡಿದ ತಾಯಿ ಮಗಳು ಹೊರಡಲು ನಿಂತಿದ್ದರು. ಬ್ಯಾನರಿನ ಹಗ್ಗ ಬಿಚ್ಚುತ್ತಿದ್ದ ಮುಕ್ತಾರ್ ಅದನ್ನು ಬಿಟ್ಟು ಈ ಕಡೆ ನೋಡುತ್ತಿದ್ದ. ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ವೀರಬಸಮ್ಮ ಹಲ್ಲುಕಡ್ಡಿ ಆಡಿಸುತ್ತ ಕೂತಿದ್ದರು.

"ಎಲ್ಲರ ಸಹಕಾರದಿಂದ ಇದು ಸಾಧ್ಯವಾಯಿತು," ಎಂದ ಶಶಿಧರ. ಅವನ ದನಿ ಹಾಲಿನ ನಾಲ್ಕು ಮೂಲೆಯಿಂದಲೂ ಅವನಿಗೇ ವಾಪಸು ಬಂತು. "ಎಲ್ಲರ ಮನೆಯಿಂದಲೂ ಅಡುಗೆ ಬಂದಿತ್ತು. ಎಲ್ಲವೂ ರುಚಿಯಾಗಿತ್ತು. ಎಲ್ಲರಿಗೂ ವಂದನೆ."

ಮುಕ್ತಾರ್ ಎರಡು ಕೈಯನ್ನೂ ತಲೆಯ ಮೇಲೆತ್ತಿ ಜೋರ್ ಜೋರಾಗಿ ಚಪ್ಪಾಳೆ ತಟ್ಟಿದ. ಮೆಹನಾಜ್ ಸ್ವಲ್ಪ ಹೊತ್ತು ವೇದಿಕೆಯತ್ತ ನೋಡಿದಳು, ಆಮೇಲೆ ಬೆನ್ನಿನಿಂದ ಬಾಗಿಲು ತಳ್ಳಿ, ಅಮ್ಮನಿಗೆ ದಾರಿ ಬಿಟ್ಟುಕೊಟ್ಟಳು.